ಮುಯ್ಯಿಗೆ ಹೋದ ಕೈಪಟ್ಟಿ

ಮಿರ್ಲೆಯ ಶಿವರುದ್ರಮ್ಮನಿಗೆ ಎದೆ ಕಾಯಿಲೆ ಇದೆಯೆಂಬುದು ಊರಿಗೆಲ್ಲ ಗೊತ್ತಿತ್ತು. ಸಾಲಿಗ್ರಾಮದಲ್ಲೂ ಅರ್ಧ ಊರಿಗೆ ಗೊತ್ತಿತ್ತು. ಕೃಷ್ಣರಾಜನಗರದ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಯಾರಾದರೂ ಬಂದು ಕೂತರೆ, ಕಂಡಕ್ಟರು ಟಿಕೆಟ್ ಹರಿದುಕೊಡುವಷ್ಟರಲ್ಲಿ ಅವರಿಗೂ ಗೊತ್ತಾಗಿರುತ್ತಿತ್ತು. ಗೊತ್ತಿಲ್ಲದವರೆಂದರೆ ಡಾಕ್ಟರುಗಳು ಮಾತ್ರ. ಅವರು ಎದೆಗೆ ಗುಂಡಿಯಿಟ್ಟು, ಬೆನ್ನಿಗೆ ಗುಂಡಿಯಿಟ್ಟು, ಉಸಿರು ಎಳಿ ಬಿಡು ಎಂದು ಆಟ ಆಡಿಸಿ, ಕೊನೆಗೊಂದು ಕೆಂಪು ಟಾನಿಕ್ಕು ಬರೆದುಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದರು. "ಓದಿದೋರ್ಗೆ ಏನ್ ಗೊತ್ತಾದ್ದು ಬುಡು. ಎದೆ ನಂದು, ನೋವು ನಂದು," ಎನ್ನುತ್ತಲೇ ಶಿವರುದ್ರಮ್ಮ ಆ ಟಾನಿಕ್ಕನ್ನು ಮಾತ್ರ ತಪ್ಪದೆ ಕುಡಿಯುತ್ತಿದ್ದಳು.

ಈ ಕಾಯಿಲೆ ಎಲ್ಲಿಂದ ಬಂತು ಅಂತೀರಾ? ಹದಿನೇಳರಲ್ಲಿ ಗುರುಮಲ್ಲಪ್ಪನನ್ನು ಮದುವೆಯಾಗಿ ಬಂದಳು. ಎರಡನೇ ವರ್ಷದ ನಾಟಿಯಲ್ಲಿ ಮೂರು ದಿನ ಸೊಂಟ ಬಗ್ಗಿಸಿ ಪೈರು ನೆಟ್ಟು, ಮೂರನೇ ಸಂಜೆ ಒರಳಿನ ಮುಂದೆ ಕೂತಿದ್ದಾಗ ಎದೆ ಹಿಡಿದುಕೊಂಡಿತು. ಅದು ನಿಜವಾದ ನೋವೇ, ಅದರಲ್ಲಿ ಸುಳ್ಳಿಲ್ಲ. ವಾಯುವೋ ಸುಸ್ತೋ ಆ ಶಿವನೇ ಬಲ್ಲ. ಆದರೆ ಅವತ್ತು ಇನ್ನೂ ಒಂದು ನಡೆಯಿತು. ಬಂದಾಗಿನಿಂದ ಬೈಗುಳ ಬಿಟ್ಟು ಬೇರೆ ಮಾತಾಡದ ಅತ್ತೆ, "ಮಲಿಕ್ಕೋ ಮಗ" ಎಂದಳು. ಗುರುಮಲ್ಲಪ್ಪ ತಾನೇ ಎದ್ದು ಬಿಸಿನೀರು ಕಾಯಿಸಿದ. ನಡುಮನೆಯ ಹಗ್ಗದ ಮಂಚ, ಅದುವರೆಗೂ ಮಾವನೊಬ್ಬನೇ ಮಲಗುತ್ತಿದ್ದ ಮಂಚ, ಅವಳಿಗೆ ಸಿಕ್ಕಿತು. ಆ ಮನೆಯಲ್ಲಿ ಅವಳದು ಅಂತ ಬಂದ ಮೊದಲ ಸ್ವಂತ ಆಸ್ತಿ ಎಂದರೆ ಆ ಕಾಯಿಲೆಯೇ. ಅಷ್ಟು ಸುಲಭವಾಗಿ ಯಾರು ತಾನೇ ಬಿಟ್ಟುಕೊಡುತ್ತಾರೆ? ಮೂವತ್ತಮೂರು ವರ್ಷ ಅದನ್ನು ಜೋಪಾನ ಮಾಡಿದಳು. ಅವಳು ಹೊಟ್ಟೆತುಂಬ ಉಣ್ಣುತ್ತಿದ್ದಳು, ಗಡದ್ದಾಗಿ ಮಲಗುತ್ತಿದ್ದಳು, ಬೆಂಕಿಕಡ್ಡಿ ಗೀರಿದಂತೆ ಮಾತಾಡುತ್ತಿದ್ದಳು. ಬಗ್ಗುವ ಕೆಲಸ ಬಂದಾಗ ಮಾತ್ರ ಎದೆ ಹಿಡಿಯುತ್ತಿತ್ತು. ಬರಬರುತ್ತ ಅವಳೇ ಅದನ್ನು ನಂಬಿಬಿಟ್ಟಿದ್ದಳು.

ಬಗ್ಗುವ ಕೆಲಸಕ್ಕೆ ಈಗ ಸೊಸೆ ಹೇಮಶ್ರೀ ಇದ್ದಳು. ಮಗ ನಂಜುಂಡೇಶನ ಹೆಂಡತಿ, ಇಪ್ಪತ್ತೇಳು ವರ್ಷ, ಎರಡು ಮಕ್ಕಳ ತಾಯಿ. ತೆಳ್ಳಗಿನ ಹುಡುಗಿ, ಮಾತು ಕಡಿಮೆ. ಬೋರಿನಿಂದ ನೀರು ತರುವಾಗ ದಾರಿಯಲ್ಲಿ ಎರಡು ಕಡೆ ಬಿಂದಿಗೆ ಇಳಿಸಿ ನಿಲ್ಲುತ್ತಿದ್ದಳು. "ನೋಡ್ರವ್ವ ಒಯ್ಯಾರವ! ರಾಜಕುಮಾರಿ ಸವಾರಿ ಓಗ್ತಾ ಅವ್ಳೆ," ಎಂದು ಶಿವರುದ್ರಮ್ಮ ಮಂಚದ ಮೇಲಿಂದಲೇ ಬೀದಿಗೆ ಕೇಳುವಂತೆ ಹೇಳುತ್ತಿದ್ದಳು.

ಎರಡು ಸಾವಿರದ ಆರರ ಮುಂಗಾರಿನಲ್ಲಿ ಊರಿಗೆ ಕೈಪಟ್ಟಿ ಬಂತು.

ತಂದವನು ಚಲುವರಾಜು, ಮೈಸೂರಿನ ಯಾವುದೋ ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೇಲಿನ ಓದು ಓದುತ್ತಿದ್ದವನು, ಸ್ವಂತ ಊರು ಹನಗೋಡಿನ ಕಡೆ. ಜೊತೆಗೆ ಬಂದವಳು ಉಪಕೇಂದ್ರದ ನರ್ಸು ರಾಣಿ. ಎದೆ ಕಾಯಿಲೆಯವರು ಹತ್ತು ಜನ ಬೇಕು ಎಂದಾಗ ರಾಣಿ ಪಟ್ಟಿಯ ಮೊದಲ ಹೆಸರನ್ನು ಯೋಚನೆಯನ್ನೇ ಮಾಡದೆ ಬರೆದುಬಿಟ್ಟಿದ್ದಳು.

"ಇದಕ್ಕೆ ಕರೆಂಟು ಬೇಡಮ್ಮ, ಸೆಲ್ಲೂ ಬೇಡ," ಎಂದ ಚಲುವರಾಜು, ಕಪ್ಪು ಪಟ್ಟಿಯನ್ನು ಶಿವರುದ್ರಮ್ಮನ ಬಳೆಗಳ ಹಿಂದಕ್ಕೆ ಕಟ್ಟುತ್ತ. ದಿನಕ್ಕೆ ಆರು ಗಂಟೆಯೂ ಕರೆಂಟು ಇರದ ಊರಿನಲ್ಲಿ ಅದು ದೊಡ್ಡ ಮಾತೇ. "ಒಳಗೊಂದು ಸಣ್ಣ ಗುಂಡು ಇದೆ. ನೀವು ಕೈ ಆಡಿಸಿದ ಹಾಗೆ ಅದು ಓಲಾಡಿ ತಾನೇ ಶಕ್ತಿ ತುಂಬ್ಕೊಳುತ್ತೆ. ನಿಮ್ಮ ನಾಡಿ ಹೇಗೆ ಬಡೀತಿದೆ ಅಂತ ಗಂಟೆ ಗಂಟೆಗೂ ಬರ್ಕೊಳುತ್ತೆ. ಹಸಿರು ದೀಪ ಇದ್ರೆ ಬರೀತಿದೆ ಅಂತ. ಕೆಂಪಾದ್ರೆ ಹೊಟ್ಟೆ ಖಾಲಿ ಅಂತ. ಮಣ್ಣು ನೀರು ಬಿದ್ರೂ ಏನೂ ಆಗಲ್ಲ. ಶುಕ್ರವಾರ ಸಿಸ್ಟರ್ ಬಂದು ಬರೆದದ್ದನ್ನೆಲ್ಲ ಇಳಿಸ್ಕೊಂಡು ಮೈಸೂರಿಗೆ ಕಳಿಸ್ತಾರೆ."

"ಅಂಗಾದ್ರೆ ನನ್ ಕಾಯ್ಲೆ ಇದ್ರಲ್ಲಿ ಬಿದ್ದುಬುಡ್ತದಾ?"

"ಬೀಳಲೇಬೇಕಮ್ಮ. ಇದು ಸುಳ್ಳು ಹೇಳಲ್ಲ."

ಶಿವರುದ್ರಮ್ಮನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಗುಂಡಿಯಿಟ್ಟ ಡಾಕ್ಟರುಗಳೆಲ್ಲ ಇನ್ನು ಬಾಯಿ ಮುಚ್ಚಬೇಕು. ಮೊದಲ ದಿನವೆಲ್ಲ ಸೆರಗನ್ನು ಹಿಂದಕ್ಕೆ ಸರಿಸಿ, ಕೈ ಕಾಣುವಂತೆ ಜಗಲಿಯ ಮೇಲೆ ಕೂತಳು. ಮರುದಿನ ಬೆಳಿಗ್ಗೆ ನೋಡಿದರೆ ದೀಪ ಕೆಂಪು.

ಏನು ಮಾಡುವುದು ಹೇಳಿ? ಎದೆ ಕಾಯಿಲೆಯವರು ಅಲುಗಾಡಬಾರದು. ಅಲುಗಾಡದಿದ್ದರೆ ಪಟ್ಟಿ ಕೆಲಸ ಮಾಡದು. ಕಾಲೇಜಿನಲ್ಲಿ ಮೂರು ವರ್ಷ ತಲೆ ಕೆಡಿಸಿಕೊಂಡವರಿಗೆ ಇಷ್ಟು ಹೊಳೆದಿರಲಿಲ್ಲ. ಮೊದಲ ಶುಕ್ರವಾರ ರಾಣಿ ಬಂದು ಪಟ್ಟಿಯನ್ನು ತಾನು ತಂದ ಡಬ್ಬಿಗೆ ಸಿಕ್ಕಿಸಿ ನೋಡಿದರೆ ಒಳಗೆ ಒಂದು ಗಂಟೆಯ ಬರಹವೂ ಇಲ್ಲ.

"ಹಿಂಗೇ ಕೆಂಪಾಗಿದ್ರೆ ವಾಪಸ್ ಇಸ್ಕೋತಾರೆ ಶಿವರುದ್ರಮ್ಮೋರೆ," ಎಂದಳು ರಾಣಿ. "ನಿಮ್ಮ ಹೆಸರು ತೆಗೆದು ಬೇರೆಯೋರ್ಗೆ ಕಟ್ತಾರೆ. ಪುಟ್ಟಮಲ್ಲಮ್ಮೋರು ಆಗ್ಲೇ ಕೇಳ್ತಾವ್ರೆ."

ಪುಟ್ಟಮಲ್ಲಮ್ಮ ಎದುರುಮನೆಯವಳು. ಐವತ್ತರ ಮೇಲಾದರೂ ಕಟ್ಟುಮಸ್ತಾದ ಹೆಂಗಸು, ಶಿವರುದ್ರಮ್ಮನ ಎದೆನೋವಿನ ಮಾತು ಬಂದಾಗಲೆಲ್ಲ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುವವಳು. ಅವಳ ಕೈಗೆ ಪಟ್ಟಿ ಹೋಗುವುದೆಂದರೆ! ಶಿವರುದ್ರಮ್ಮ ಅವತ್ತು ಕಾಲು ಗಂಟೆ ಕೂತಲ್ಲೇ ಕೈಯನ್ನು ಮುಂದಕ್ಕೂ ಹಿಂದಕ್ಕೂ ಬೀಸಿದಳು. ಗುರುಮಲ್ಲಪ್ಪ ಬಾಗಿಲಲ್ಲಿ ನಿಂತು ನೋಡಿ, "ಯಾರ್ಗೆ ಟಾಟಾ ಮಾಡ್ತಾ ಇದ್ದೀಯೇ?" ಎಂದ. ಅಲ್ಲಿಗೆ ಕೈ ಬೀಸುವುದು ನಿಂತಿತು. ಎತ್ತಿನ ಕೋಡಿಗೆ ಕಟ್ಟೋಣವೆಂದು ಅವನೇ ಉಪಾಯವನ್ನೂ ಹೇಳಿದ. ಎತ್ತಿನ ನಾಡಿ ಮೈಸೂರಿಗೆ ಹೋದರೆ ಮರ್ಯಾದೆ ಏನಾಗಬೇಕು ಎಂದು ಅವಳು ರೇಗಿದಳು.

ಅದು ನಾಟಿಯ ಕಾಲ. ನಾಲೆಗೆ ನೀರು ಬಿಟ್ಟಿದ್ದರು, ಇಡೀ ಊರಿನ ಹೆಂಗಸರು ಗದ್ದೆಯಲ್ಲಿದ್ದರು. ಆ ಕಡೆಯಲ್ಲೆಲ್ಲ ನಾಟಿ ನಡೆಯುವುದು ಮುಯ್ಯಿಯ ಮೇಲೆ. ಇವತ್ತು ನಮ್ಮ ಮನೆಯ ಆಳು ನಿಮ್ಮ ಗದ್ದೆಗೆ, ನಾಳೆ ನಿಮ್ಮ ಮನೆಯ ಆಳು ನಮ್ಮ ಗದ್ದೆಗೆ. ಬಂದವಳು ಅತ್ತೆಯೋ ಸೊಸೆಯೋ ಮಗಳೋ, ಅದನ್ನು ಯಾರೂ ಕೇಳುವುದಿಲ್ಲ. ಮನೆಯಿಂದ ಎರಡು ಕೈ ಬಂದು ಪೈರು ನೆಟ್ಟರೆ ಆ ಮನೆ ಬಂದ ಹಾಗೆ. ಶಿವರುದ್ರಮ್ಮ ಗದ್ದೆಗಿಳಿದು ಹತ್ತಾರು ವರ್ಷವಾಗಿದ್ದರೂ, "ನಾವು ನಿನ್ನೆ ಬಸವಮ್ಮನ ಗದ್ದೆ ನೆಟ್ಟೋ" ಎಂದು ಅವಳು ಧಾರಾಳವಾಗಿ ಹೇಳುತ್ತಿದ್ದಳು, ಅದನ್ನು ಯಾರೂ ಸುಳ್ಳೆನ್ನುತ್ತಿರಲಿಲ್ಲ. ಹಾಗಿರುವಾಗ ಪಟ್ಟಿಯ ವಿಷಯದಲ್ಲೂ ಅವಳಿಗೆ ಅದೇ ನ್ಯಾಯ ತೋರಿತು. ಪಟ್ಟಿಗೆ ಬೇಕಾದ್ದು ಆಡುವ ಕೈ. ಆಡುವ ಕೈ ಬೀದಿ ತುಂಬ ಇವೆ. ಮುಯ್ಯಿಗೆ ಕಳಿಸಿದರಾಯಿತು!

ಮೊದಲು ಸೊಸೆಯನ್ನೇ ಕರೆದಳು. "ಏಮಾ, ಇದ ಕಟ್ಕೊಂಡು ಓಗು. ಎಂಗೂ ನಿನ್ ಕೈ ಆಡ್ತಾನೇ ಇರ್ತದಲ್ಲ."

ಹೇಮಶ್ರೀ ಯಾವತ್ತೂ ಅತ್ತೆಗೆ ಎದುರಾಡಿದವಳಲ್ಲ. ಆವತ್ತು ಮಾತ್ರ ಕೈ ಹಿಂದಕ್ಕೆ ಎಳೆದುಕೊಂಡಳು. "ನಂಗ್ ಬ್ಯಾಡ ಅತ್ತೆ. ಕೈಗೆ ಬಿಗೀತದೆ. ಬೇರೆ ಯಾರ್ಗಾದ್ರೂ ಕಟ್ತೀನಿ ಬುಡಿ."

"ಅಯ್ಯೋ ನಿನ್ ಕೈ ಸವೆದೋಯ್ತದಾ? ಆಯ್ತು ತಕ್ಕೊಂಡೋಗು, ಯಾರ್ಗಾದ್ರೂ ಕಟ್ಟು."

ಹೀಗೆ ಕೈಪಟ್ಟಿ ಮುಯ್ಯಿಗೆ ಹೊರಟಿತು. ಗದ್ದೆಯ ಬದುವಿನ ಮೇಲೆ ಹೆಂಗಸರು ಅದಕ್ಕಾಗಿ ಜಗಳಕ್ಕೇ ನಿಂತರು. ಮಂಗಳವಾರ ಬಸವಮ್ಮ ಕಟ್ಟಿಕೊಂಡಳು. ಬುಧವಾರ ಪುಟ್ಟಮಲ್ಲಮ್ಮ ಕಟ್ಟಿಕೊಂಡು, ಸಂಜೆ ಬಿಚ್ಚಿಕೊಡದೆ ಮನೆಗೇ ಒಯ್ದಳು. ಗುರುವಾರ ಸಂಜೆ ಪಟ್ಟಿ ಮನೆ ಸೇರಿದಾಗ ದೀಪ ಎಳೆ ಗರಿಕೆಯ ಹಾಗೆ ಹಸಿರಾಗಿ ಉರಿಯುತ್ತಿತ್ತು. ಶುಕ್ರವಾರ ರಾಣಿ ಬರುವ ಹೊತ್ತಿಗೆ ಶಿವರುದ್ರಮ್ಮ ಅದನ್ನು ಕೈಗೆ ಕಟ್ಟಿಕೊಂಡು, ದಿಂಬಿಗೆ ಒರಗಿ, ತಕ್ಕಮಟ್ಟಿಗೆ ನರಳುತ್ತ ಮಲಗಿದ್ದಳು. ಮೂರು ದಿನದ ಬರಹ ತುಂಬಿಬಂದದ್ದನ್ನು ಕಂಡು ರಾಣಿಗೆ ಸಂತೋಷವೋ ಸಂತೋಷ.

ಸೋಮವಾರ ನಂಜುಂಡೇಶನ ಮೊಬೈಲಿಗೆ ಮೈಸೂರಿನಿಂದ ಫೋನು ಬಂತು. ಮಾತಾಡಿದವನು ಚಲುವರಾಜು. ನಿಮ್ಮ ತಾಯಿಯ ನಾಡಿ ಬಹಳ ಕೆಟ್ಟಿದೆ, ತಡ ಮಾಡಬೇಡಿ, ನಾಳೆಯೇ ಕರೆತನ್ನಿ, ದೊಡ್ಡ ಡಾಕ್ಟರಿಗೆ ಹೇಳಿಟ್ಟಿದ್ದೇನೆ ಎಂದ.

ಮನೆಯವರೆಲ್ಲ ಬೆವೆತರು. ಗುರುಮಲ್ಲಪ್ಪ ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟ. ಇಷ್ಟು ವರ್ಷ ಹೆಂಡತಿಯನ್ನು ಮನಸ್ಸಿನಲ್ಲೇ ಅನುಮಾನಿಸಿದ್ದಕ್ಕೆ ಅವನಿಗೆ ಕಣ್ಣಲ್ಲಿ ನೀರು ಬಂತು. ಮನೆಯಲ್ಲಿ ಖುಷಿಯಾಗಿದ್ದವಳು ಸಾಯಲಿರುವವಳೊಬ್ಬಳೇ. ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ವಿಭೂತಿ ಇಟ್ಟು, ಜೀಪು ಹತ್ತುವ ಮುಂಚೆ ಬೀದಿಯಲ್ಲಿ ಸುಮ್ಮನೆ ಒಂದು ಗಳಿಗೆ ನಿಂತಳು. ಪುಟ್ಟಮಲ್ಲಮ್ಮ ಬಾಗಿಲಿಗೆ ಬಂದಿದ್ದಳು.

"ನಾ ಹೇಳ್ವಾಗ ನಗಾಡ್ತಿದ್ರಲ್ಲ," ಎಂದಳು ಶಿವರುದ್ರಮ್ಮ. "ಈಗ ಮಿಸೀನೇ ಹೇಳ್ತು ಕಣವ್ವ. ಓಗ್ ಬತ್ತೀನಿ. ಬಂದ್ರೆ ಬಂದೆ, ಇಲ್ದಿದ್ರೆ ಇಲ್ಲ."

ಪುಟ್ಟಮಲ್ಲಮ್ಮ ಅತ್ತಳು. ಅದನ್ನು ನೋಡಿಯೇ ಶಿವರುದ್ರಮ್ಮ ಜೀಪು ಹತ್ತಿದ್ದು. ನಾಡಿ ಕೆಟ್ಟ ಗಳಿಗೆಯಲ್ಲಿ ಪಟ್ಟಿ ಯಾರ ಕೈಯಲ್ಲಿತ್ತು ಎಂಬುದು ಅವಳ ತಲೆಯಲ್ಲಿ ಸುಳಿಯಲೇ ಇಲ್ಲ. ಮೂವತ್ತಮೂರು ವರ್ಷದಿಂದ ಕಾಯುತ್ತಿದ್ದ ಮಾತನ್ನು ಒಬ್ಬರು ಬಾಯಿಬಿಟ್ಟು ಹೇಳಿದಾಗ ಯಾರು ತಾನೇ ಎದುರು ಪ್ರಶ್ನೆ ಕೇಳುತ್ತಾರೆ?

ಆಸ್ಪತ್ರೆಯಲ್ಲಿ ಲಿಫ್ಟಿನ ಮುಂದೆ ಸ್ಟ್ರೆಚರುಗಳ ಸಾಲಿತ್ತು. ಶಿವರುದ್ರಮ್ಮನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ನಂಜುಂಡೇಶ ಅವಳೊಂದಿಗೆ ಲಿಫ್ಟಿನಲ್ಲಿ ಹೋದ. ಹೇಮಶ್ರೀ ಬಟ್ಟೆಯ ಚೀಲ, ಫ್ಲಾಸ್ಕು, ಊಟದ ಕ್ಯಾರಿಯರು ಹೊತ್ತುಕೊಂಡು ಎರಡು ಮಹಡಿ ಮೆಟ್ಟಿಲು ಹತ್ತಿದಳು.

ಡಾಕ್ಟರು ವಯಸ್ಸಾದವರು, ಸಮಾಧಾನಿ. ಎದೆಗೆ ತಂತಿಗಳನ್ನು ಅಂಟಿಸಿ ಉದ್ದನೆಯ ಕಾಗದ ತೆಗೆದರು. ಆಮೇಲೆ ಜೆಲ್ಲು ಹಚ್ಚಿ ಪರದೆಯ ಮೇಲೆ ಹೃದಯವನ್ನೇ ನೋಡಿದರು. ಮತ್ತೊಮ್ಮೆ ನೋಡಿದರು. ಕನ್ನಡಕ ತೆಗೆದು, ಪಕ್ಕದಲ್ಲಿ ಕಾದು ನಿಂತಿದ್ದ ಚಲುವರಾಜುವಿನ ಕಡೆ ತಿರುಗಿದರು.

"ಏನಪ್ಪಾ ಇದು? ಈ ಯಮ್ಮನ ಹಾರ್ಟು ನನ್ನದಕ್ಕಿಂತ ಚೆನ್ನಾಗಿದೆ. ನಿನ್ನ ಪಟ್ಟಿ ಕೆಟ್ಟಿದೆ, ಅಷ್ಟೆ."

ಚಲುವರಾಜು ಬಿಟ್ಟುಕೊಡಲಿಲ್ಲ. ಮೂರು ವರ್ಷದ ಕೆಲಸ, ಪಾಪ. ಕೈಯಲ್ಲಿದ್ದ ಹಾಳೆ ಬಿಚ್ಚಿ ಮೇಜಿನ ಮೇಲೆ ಹರಡಿದ. "ಇಲ್ಲ ಸಾರ್, ನೋಡಿ. ಮಂಗಳವಾರ ಸರಿಯಾಗಿದೆ. ಬುಧವಾರ ಸರಿಯಾಗಿದೆ. ಗುರುವಾರ ಹನ್ನೊಂದರಿಂದ ಮೂರರ ತನಕ ಮಾತ್ರ ಹೀಗೆ. ನಿಮಿಷಕ್ಕೆ ನೂರ ಐವತ್ತು. ಅದೂ ಒಂದೇ ಸಮ ಇಲ್ಲ, ಎರಡು ಬಡಿದು ಒಂದು ತಪ್ಪುತ್ತೆ. ಪಟ್ಟಿ ಕೆಟ್ಟಿದ್ರೆ ಬರೀ ಗುರುವಾರ ಯಾಕೆ ಕೆಡುತ್ತೆ?"

"ಆಗಲಿ ಬಿಡು," ಎಂದರು ಡಾಕ್ಟರು. ಮಂಚದ ಮೇಲಿದ್ದವಳ ಮುಖ ಬಾಡಿದ್ದನ್ನು ಕಂಡು ಅವರಿಗೇ ಮರುಕವಾಯಿತೇನೋ. "ಸ್ವಲ್ಪ ನಿಶ್ಶಕ್ತಿ ಇದೆ ಅಂತ ಬರೆದುಕೊಡ್ತೀನಮ್ಮ. ವಿಶ್ರಾಂತಿ ತಗೊಳ್ಳಿ."

ನೋಡಿ, ಎಷ್ಟು ಅಚ್ಚುಕಟ್ಟಾಗಿ ದಾರಿ ಬಿಟ್ಟುಕೊಟ್ಟರು! ಮೈಸೂರಿನ ದೊಡ್ಡ ಡಾಕ್ಟರ ಕೈಬರಹದಲ್ಲಿ ವಿಶ್ರಾಂತಿ. ಜೀಪಿನಲ್ಲಿ ಹೋದಳು, ಚೀಟಿಯೊಂದಿಗೆ ಬಂದಳು ಎಂದರೆ ಊರಿಗೆ ಸಾಕು. ಶಿವರುದ್ರಮ್ಮ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು.

ಆದರೆ 'ಗುರುವಾರ' ಎಂಬ ಮಾತು ಅವಳ ಕಿವಿಯಲ್ಲಿ ಉಳಿದುಬಿಟ್ಟಿತ್ತು. ಯಾವ ವಾರ ಯಾರ ಗದ್ದೆ ಎಂಬುದನ್ನು ಅವಳು ಹತ್ತು ವರ್ಷ ಬಿಟ್ಟು ಕೇಳಿದರೂ ಹೇಳುವವಳು. ಮುಯ್ಯಿ ಮಾಡುವ ಮನೆಯಲ್ಲಿ ಅಷ್ಟೂ ನೆನಪಿಲ್ಲದಿದ್ದರೆ ಬಾಳುವುದು ಹೇಗೆ? ಗುರುವಾರ ಪುಟ್ಟಮಲ್ಲಮ್ಮನ ಗದ್ದೆ. ಪಟ್ಟಿ ಹಿಂದಿನ ದಿನವೇ ಅವಳ ಮನೆಗೆ ಹೋಗಿತ್ತು. ಹಾಗಾದರೆ ಕಾಯಿಲೆ ಪುಟ್ಟಮಲ್ಲಮ್ಮನದು! ಛೆ ಪಾಪ, ಅಂದುಕೊಂಡಳು. ಪಾಪ ಎಂದುಕೊಂಡಾಗ ಒಳಗೊಳಗೇ ಸಣ್ಣ ಸಂತೋಷವೂ ಆಯಿತು, ಸುಳ್ಳೇಕೆ ಹೇಳಬೇಕು. ಮೂವತ್ತು ವರ್ಷ ಸೆರಗು ಮುಚ್ಚಿಕೊಂಡು ನಕ್ಕವಳಿಗೆ ಊರಿಗೆ ಹೋಗಿ ತಾನೇ ಮೆಲ್ಲಗೆ ವಿಷಯ ಹೇಳಬಹುದು.

ಹೀಗೆ ಅಂದುಕೊಳ್ಳುತ್ತಿರುವಾಗಲೇ ಇನ್ನೊಂದು ನೆನಪು ಬಂದು ಅಡ್ಡ ನಿಂತಿತು. ಗದ್ದೆ ಯಾರದೋ ಆ ಮನೆಯೊಡತಿ ಅವತ್ತು ನಾಟಿಗೆ ಇಳಿಯುವುದಿಲ್ಲ. ಬಂದ ಮುಯ್ಯಾಳುಗಳಿಗೆ ಅಡುಗೆ ಮಾಡಿ ಹೊತ್ತುಕೊಂಡು ಹೋಗುವುದು ಅವಳ ಕೆಲಸ. ಗುರುವಾರ ಪುಟ್ಟಮಲ್ಲಮ್ಮ ಒಲೆಯ ಮುಂದೆ ಇದ್ದಳು. ಹೆಸರುಕಾಳಿನ ಹುಳಿ, ಗಸಗಸೆ ಪಾಯಸ. ಪಾಯಸ ಈ ಮನೆಗೂ ಬಂದಿತ್ತು, ಇವಳೇ ಎರಡು ಲೋಟ ಕುಡಿದಿದ್ದಳು. ಒಲೆಯ ಮುಂದೆ ಕೂರುವವಳು ಪಟ್ಟಿ ಇಟ್ಟುಕೊಂಡು ಏನು ಮಾಡಿಯಾಳು? ಯಾರದೋ ಕೈಗೆ ಕಟ್ಟಿ ಕಳಿಸಿದ್ದಾಳೆ. ಯಾರ ಕೈಗೆ?

ಗುರುವಾರ ಸಂಜೆ ಪಟ್ಟಿ ತಂದವಳು ಹೇಮಶ್ರೀ. ಕೈಯಲ್ಲಿ ಹಿಡಿದು ತಂದಿರಲಿಲ್ಲ, ಮುಂಗೈಗೆ ಕಟ್ಟಿಕೊಂಡೇ ಬಂದಿದ್ದಳು. ಜಗಲಿಯ ಕಂಬಕ್ಕೆ ಒರಗಿ ಕೂತು, ಬಹಳ ಹೊತ್ತು ಕೂತು, ಆಮೇಲೆ ಬಿಚ್ಚಿಕೊಟ್ಟಿದ್ದಳು. "ಪುಟ್ಟಮಲ್ಲಮ್ಮೋರು ಬ್ಯಾಡ ಅಂದ್ರೂ ಕಟ್ಬುಟ್ರು," ಎಂದು ಏನೋ ಅಂದಿದ್ದಳು. ಮುದ್ದೆಗೆ ಹೊತ್ತಾಯಿತು, ಏನು ಕೂತಿದ್ದೀಯೆ ಎಂದು ಶಿವರುದ್ರಮ್ಮ ರೇಗಿದ್ದಳು.

ಅವಳು ತಲೆಯೆತ್ತಿ ಬಾಗಿಲ ಕಡೆ ನೋಡಿದಳು. ಹೇಮಶ್ರೀ ನಡುನಡುವೆ ಕೂತು ಕೂತು ಅದೇ ಆಗ ಮೆಟ್ಟಿಲು ಹತ್ತಿ ಬಂದು ಚೌಕಟ್ಟು ಹಿಡಿದು ನಿಂತಿದ್ದಳು. ಕ್ಯಾರಿಯರು ಇನ್ನೂ ಕೈಯಲ್ಲಿತ್ತು. ತುಟಿ ನೀಲಿಗಟ್ಟಿತ್ತು. ಉಸಿರು ಸಿಗದೆ ಕುತ್ತಿಗೆಯ ನರ ಎದ್ದು ಬೀಳುತ್ತಿತ್ತು. ಆ ಸ್ಥಿತಿಯಲ್ಲೂ ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಏದುಸಿರು ಯಾರಿಗೂ ಕೇಳದ ಹಾಗೆ ನೋಡಿಕೊಳ್ಳುತ್ತಿದ್ದಳು.

ಶಿವರುದ್ರಮ್ಮನ ಎದೆ ಧಸಕ್ಕೆಂದಿತು. ಜೀವಮಾನದಲ್ಲಿ ಎರಡನೇ ಸಲ, ನಿಜವಾಗಿಯೂ.

ಬಾಯಿ ತೆರೆದರೆ ಏನೇನು ಹೋಗುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮಗ ಇಲ್ಲೇ ನಿಂತಿದ್ದಾನೆ. ರಾತ್ರಿಗೆ ಗಂಡನಿಗೆ ಗೊತ್ತಾಗುತ್ತದೆ, ಬೆಳಿಗ್ಗೆ ಪುಟ್ಟಮಲ್ಲಮ್ಮನಿಗೆ, ಆಮೇಲೆ ಬಸ್ಸಿನವರಿಗೆಲ್ಲ. ಡಾಕ್ಟರು ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದರು.

"ಅದ ಬರೀಬ್ಯಾಡಿ ಸ್ವಾಮಿ," ಎಂದಳು ಶಿವರುದ್ರಮ್ಮ. ಎದೆಯ ಮೇಲಿದ್ದ ತಂತಿಯನ್ನು ತಾನೇ ಕಿತ್ತು ಎದ್ದು ಕೂತಳು. "ನಂಗೇನೂ ಇಲ್ಲ. ಗಟ್ಟಿಮುಟ್ಟಾಗಿವ್ನಿ. ಪಟ್ಟಿ ನನ್ ಕೈಲಿ ಇರ್ನೇ ಇಲ್ಲ."

"ಅವ್ವ, ಏನ್ ಮಾತಾಡ್ತಿದ್ದೀಯವ್ವ?" ಎಂದ ನಂಜುಂಡೇಶ.

"ಸುಮ್ಕಿರ್ಲಾ!" ಎಂದು ಗದರಿಸಿ ಮಂಚದಿಂದ ಇಳಿದಳು. "ಪಟ್ಟಿ ಮುಯ್ಯಿಗೆ ಓಗಿತ್ತು ಸ್ವಾಮಿ. ಗುರುವಾರ ಇವಳ ಕೈಲಿತ್ತು. ಅಲ್ಲಿ ನಿಂತವ್ಳಲ್ಲ, ನನ್ ಸೊಸೆ. ಮೊದ್ಲು ಅವಳ್ನ ನೋಡಿ. ಅಯ್ಯೋ, ಬ್ಯಾಗ ನೋಡ್ರಪ್ಪ, ನಿಮ್ ದಮ್ಮಯ್ಯ!"

ಹೇಮಶ್ರೀಯ ಹೃದಯದ ಒಂದು ಕವಾಟ ಸೂಜಿಯ ಕಣ್ಣಿನಷ್ಟು ಕಿರಿದಾಗಿತ್ತು. ಚಿಕ್ಕಂದಿನಲ್ಲಿ ಬಂದ ಕೀಲುಜ್ವರದ ಬಳುವಳಿ ಎಂದರು ಡಾಕ್ಟರು. ಇನ್ನೊಂದು ನಾಟಿ ತಡೆಯುತ್ತಿರಲಿಲ್ಲ, ಇನ್ನೊಂದು ಬಸುರಂತೂ ಖಂಡಿತ ತಡೆಯುತ್ತಿರಲಿಲ್ಲ ಎಂದರು. ರಕ್ತನಾಳದೊಳಗೆ ಬಲೂನು ಕಳಿಸಿ ಕವಾಟ ಬಿಡಿಸುವ ಚಿಕಿತ್ಸೆ ಇದೆ, ಅಡ್ಮಿಟ್ ಮಾಡಿ ಎಂದು ಬರೆದರು. ಚಲುವರಾಜು ಸಂತೋಷ ತಡೆಯಲಾರದೆ, "ನೋಡಿದ್ರಾ ಸಾರ್, ನಮ್ಮ ಪಟ್ಟಿ ಸುಳ್ಳು ಹೇಳಲ್ಲ!" ಎಂದು ಹಾರಿಬಿದ್ದ. ಆಮೇಲೆ ಉಳಿದ ಒಂಬತ್ತು ಜನರ ಪಟ್ಟಿಗಳು ಯಾರ್ಯಾರ ಕೈಯಲ್ಲಿವೆ ಎಂಬ ಯೋಚನೆ ಬಂದು ಕುರ್ಚಿಯಲ್ಲಿ ಕುಸಿದ. ಕಾಲೇಜಿನ ವರದಿಯಲ್ಲಿ ಮಾತ್ರ, ಐವತ್ತೆರಡು ವರ್ಷದ ಗ್ರಾಮೀಣ ಮಹಿಳೆಯೊಬ್ಬರು ಸಾಧನವನ್ನು ತಪ್ಪದೆ ಧರಿಸಿ ತಮ್ಮ ಜೀವ ಉಳಿಸಿಕೊಂಡರು ಎಂದು ಅಚ್ಚಾಯಿತು.

ಸಂಜೆ ವಾರ್ಡಿನಲ್ಲಿ ಸೊಸೆ ಮಂಚದ ಮೇಲೆ ಮಲಗಿದ್ದಳು, ಅತ್ತೆ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಇಬ್ಬರಿಗೂ ಅದು ಅಭ್ಯಾಸವಿಲ್ಲದ ಏರ್ಪಾಡು. ಹೇಮಶ್ರೀ ಎರಡು ಸಲ ಏಳಲು ನೋಡಿದಳು, ಎರಡು ಸಲವೂ ಶಿವರುದ್ರಮ್ಮ ಭುಜ ಹಿಡಿದು ಮಲಗಿಸಿದಳು. ನಂಜುಂಡೇಶ ಔಷಧಿ ತರಲು ಕೆಳಗೆ ಹೋಗಿದ್ದ.

"ಯಾವತ್ತಿಂದ ಇಂಗೆ?" ಎಂದು ಕೇಳಿದಳು ಶಿವರುದ್ರಮ್ಮ.

"ಚಿಕ್ಕೋನು ಉಟ್ದಾಗಿಂದ ಅತ್ತೆ."

ಚಿಕ್ಕವನಿಗೆ ನಾಲ್ಕು ತುಂಬಿತ್ತು. ನಾಲ್ಕು ನಾಟಿ, ನಾಲ್ಕು ಕೊಯ್ಲು.

"ಅಲ್ಲ ಕಣೇ, ಬಾಯಿರ್ನಿಲ್ವಾ ನಿಂಗೆ? ಪಟ್ಟಿ ಕಟ್ಟಿದ್ರೆ ಗೊತ್ತಾಗ್ಬುಡ್ತದೆ ಅಂತ ಕೈ ಬ್ಯಾರೆ ಎಳ್ಕೊಂಡೆ. ಒಂದ್ ಮಾತ್ ಹೇಳಕ್ಕೆ ಏನಾಗಿತ್ತು?" ಎಷ್ಟು ಗದರಿಸಬೇಕೆಂದರೂ ಅದು ಗದರಿಕೆಯಾಗಲಿಲ್ಲ.

ಹೇಮಶ್ರೀಯ ಮಾತಿನಲ್ಲಿ ಕೋಪವಿರಲಿಲ್ಲ, ಕೊಂಕೂ ಇರಲಿಲ್ಲ. ಸುಮ್ಮನೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಮನೇಲಿ ಆಗ್ಲೇ ಒಬ್ರು ಕಾಯ್ಲೆಯೋರು ಇದ್ರಲ್ಲ ಅತ್ತೆ. ಇಬ್ರೂ ಮಲಿಕ್ಕಂಡ್ರೆ ಗದ್ದೆಗೆ ಓಗೋರು ಯಾರು?"

ಶಿವರುದ್ರಮ್ಮ ಸೊಸೆಯ ಕಾಲ ಬಳಿ ಮುದುರಿದ್ದ ಹೊದಿಕೆಯನ್ನು ಎಳೆದು ಹೊದಿಸಿದಳು, ಅದು ಸರಿಯಾಗಿಯೇ ಇದ್ದರೂ ಮತ್ತೆ ಮತ್ತೆ ಹೊದಿಸಿದಳು.